ಮೇಡಂ ಕವುಚಿಟ್ಟ ಬೋಗುಣಿ

ಮೇಡಂ ಮಡಕೆಯನ್ನು ಮೊದಲು ಮೂಸುತ್ತಿದ್ದರು, ಆಮೇಲೆ ನೋಡುತ್ತಿದ್ದರು. ತೋರುಬೆರಳನ್ನು ನೀರಿಗೆ ಅದ್ದಿ ಮಡಕೆಯ ತಳಕ್ಕೆ ಒತ್ತಿ, ಒದ್ದೆಯಾದ ಆ ಜಾಗಕ್ಕೆ ಮೂಗು ತಾಗಿಸುವರು. ಅವರದು ನೀಳವಾದ, ತುದಿಯಲ್ಲಿ ತುಸು ಬಾಗಿದ ಮೂಗು. ಎಡಗಡೆಯ ಬಿಳಿಕಲ್ಲಿನ ಮೂಗುಬೊಟ್ಟು ಮಡಕೆಗೆ ತಾಗಿ ಕಿಣ್ ಎಂದು ಸಣ್ಣಗೆ ಸದ್ದಾಗುತ್ತಿತ್ತು. ಹಳೆಯ ಮಣ್ಣಾದರೆ ಮೊದಲ ಮಳೆಯ ವಾಸನೆ. ಹೊಸದನ್ನು ಹಳೆಯದೆಂದು ದಾಟಿಸಲು ಚಹಾದ ಡಿಕಾಕ್ಷನ್ನೋ ಬೂಟು ಪಾಲಿಶೋ ಬಳಿದಿದ್ದರೆ ಅದರದೇ ವಾಸನೆ. "ಚಾ ಪುಡಿ" ಎಂದು ಒಂದೇ ಮಾತು ಹೇಳಿ ತಂದವರ ಕೈಗೆ ಮಡಕೆಯನ್ನು ವಾಪಸು ಕೊಡುತ್ತಿದ್ದರು. ಅವರು ಅದನ್ನು ಎಲ್ಲಿಂದ ತಂದರು, ಯಾಕೆ ತಂದರು ಎಂಬ ವಿಚಾರಣೆ ಮಾತ್ರ ಗೇಟಿನವರೆಗೂ ನಡೆಯುತ್ತಿತ್ತು.

ನಮ್ಮ ಮ್ಯೂಸಿಯಂ ಇರುವುದು ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ, ಒಂದು ಹೋಟೆಲಿನ ಹಿಂದಿನ ಹಂಚಿನ ಮನೆಯಲ್ಲಿ. ಹೋಟೆಲೂ ಮನೆಯೂ ಒಬ್ಬರದೇ. ಒಂದು ಕಾಲಕ್ಕೆ ಗದ್ದೆ ಗೇಣಿಯ ದೊಡ್ಡ ಮನೆತನ, ಈಗ ಹೋಟೆಲು ವ್ಯವಹಾರ. ಕೆಲಸದವರೆಲ್ಲ ಅವರನ್ನು ಧಣಿಗಳು ಎಂದೇ ಕರೆಯುವುದು. ಹಿರಿಯರ ಕಾಲದ ಕಾಲುದೀಪ, ಮರದ ಸೇರು, ಎಲೆಯಡಿಕೆ ಪೆಟ್ಟಿಗೆ, ನಿಂತುಹೋದ ಹಂಚಿನ ಕಾರ್ಖಾನೆಗಳ ಹಂಚು, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಧಣಿಗಳು ಕೂಡಿಹಾಕಿದ್ದರು. ಅದನ್ನು ಸಾಲಾಗಿಟ್ಟು ಮ್ಯೂಸಿಯಂ ಎನ್ನುವ ಹಾಗೆ ಮಾಡಿದವರು ಮೇಡಂ. ಕಾಲೇಜಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಕಾವೂರಿನ ಕೆರೆಯ ಹತ್ತಿರ ಸಣ್ಣ ಮನೆಯಲ್ಲಿ ಒಬ್ಬರೇ ಇದ್ದರು.

ನಾನು ಕೆಲಸ ಕೇಳಿಕೊಂಡು ವಾಮಂಜೂರಿನಿಂದ ಬಸ್ಸು ಹತ್ತಿ ಬಂದ ದಿನ ಅವರು ನನ್ನ ಅಂಕಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇಷ್ಟು ಮಾರ್ಕು ಉಂಟು. ಮತ್ತೆ ಇಲ್ಲಿಗೆ ಯಾಕೆ ಬಂದದ್ದು?"

"ಆಸಕ್ತಿ ಉಂಟು ಮೇಡಂ."

"ಆಸಕ್ತಿ ಎಲ್ಲರಿಗೂ ಉಂಟು. ನಿಮ್ಮನ್ನು ಯಾರು ಕಳಿಸಿದ್ದು?"

ಯಾರೂ ಕಳಿಸಿರಲಿಲ್ಲ. ಅದನ್ನು ನಂಬಲು ಅವರಿಗೆ ಒಂದು ವರ್ಷವೇ ಬೇಕಾಯಿತು. ಅಲ್ಲಿಯವರೆಗೆ ನಾನು ಧಣಿಗಳ ಕಡೆಯ ಗೂಢಚಾರಿಣಿ ಎಂದೇ ಅವರ ಲೆಕ್ಕ. ಧಣಿಗಳು ಬಂದಾಗ ನಾನು ನಕ್ಕರೂ ಅನುಮಾನ, ನಗದಿದ್ದರೆ ಇನ್ನೂ ಹೆಚ್ಚು.

ನನ್ನೊಬ್ಬಳ ಮೇಲೇ ಎಂದು ಬೇಸರಪಡುವ ಹಾಗಿರಲಿಲ್ಲ. ಅವರ ಅನುಮಾನದಲ್ಲಿ ಜಾತಿ ಅಂತಸ್ತುಗಳ ಭೇದವಿರಲಿಲ್ಲ. ಹೋಟೆಲಿನಿಂದ ಬರುವ ಚಹಾವನ್ನು ಒಂದು ಗುಟುಕು ಕುಡಿದು, "ಇದು ಬೆಳಿಗ್ಗೆಯದ್ದನ್ನೇ ಕಾಯಿಸಿದ್ದು" ಎನ್ನುವರು. ನೆಟ್ಟಗೆ ಹೋಗುತ್ತಿರುವ ರಿಕ್ಷಾದಲ್ಲಿ ಕೂತು, "ಇದೆಂಥ ಸುತ್ತುದಾರಿ?" ಎಂದು ಕೇಳುವರು. ಬಂಗುಡೆಯ ಕಿವಿರೆತ್ತಿ ನೋಡುವುದು ನಾವೆಲ್ಲರೂ ಮಾಡುವ ಕೆಲಸ. ಮೇಡಂ ಮೀನು ಮಾರುವ ಹೆಂಗಸಿನ ಮುಖವನ್ನೂ ಹಾಗೆಯೇ ನೋಡುತ್ತಿದ್ದರು. ಯಾರಾದರೂ ಹೊಗಳಿದರಂತೂ ಅವತ್ತಿಡೀ ನಮಗೆ ನೆಮ್ಮದಿಯಿಲ್ಲ. ಹೊಗಳಿದವನಿಗೆ ಏನು ಬೇಕಾಗಿತ್ತು ಎಂದು ಸಂಜೆಯವರೆಗೂ ತನಿಖೆ.

ವಸ್ತು ಕೊಡಲು ಬಂದವರನ್ನು ಪರೀಕ್ಷಿಸಲು ಅವರದೇ ಒಂದು ಉಪಾಯವಿತ್ತು. ಬೇಕೆಂದೇ ಒಂದು ಸುಳ್ಳು ಹೇಳುವುದು. ಒಮ್ಮೆ ಒಬ್ಬ, ಮುತ್ತಜ್ಜನ ಕಾಲದ್ದೆಂದು ಹಿತ್ತಾಳೆಯ ಕಾಲುದೀಪ ತಂದ. ಮೇಡಂ ಅದನ್ನು ಕೈಯಲ್ಲಿ ತಿರುಗಿಸುತ್ತ, "ಹೌದೌದು, ಆ ಕಾಲದ ದೀಪದ ತಳದಲ್ಲಿ ನವಿಲಿನ ಮುದ್ರೆ ಇರ್ತದೆ. ಇದರಲ್ಲಿ ಸವೆದು ಹೋಗಿದೆ ಪಾಪ" ಎಂದರು. ಅಂಥ ಮುದ್ರೆ ಯಾವ ದೀಪಕ್ಕೂ ಇಲ್ಲ. ಆತ ತಡಮಾಡದೆ, "ನಾನು ಸಣ್ಣವನಿರುವಾಗ ಇತ್ತು ಮೇಡಂ, ಚಂದದ ನವಿಲು" ಎಂದ. ದೀಪ ಅವನ ಚೀಲಕ್ಕೆ ವಾಪಸಾಯಿತು. ಅದೇ ನವಿಲಿನ ಕತೆಯನ್ನು, ಸೇರು ತಂದ ಒಬ್ಬ ವಯಸ್ಸಾದ ಹೆಂಗಸಿಗೂ ಹೇಳಿದರು. ಆಕೆ ಸಿಡುಕಿದರು. "ಎಂಥ ನವಿಲು? ನನ್ನ ಅತ್ತೆಯ ಸೇರಿನಲ್ಲಿ ನವಿಲು ಗಿವಿಲು ಎಂತದ್ದೂ ಇರ್ಲಿಲ್ಲ. ನಿಮಗೆ ಬೇಡದಿದ್ರೆ ಬೇಡ ಹೇಳಿ." ಮೇಡಂ ಎದ್ದು ಹೋಗಿ ಅವರಿಗೆ ತಾವೇ ಕುರ್ಚಿ ತಂದು ಹಾಕಿದರು. "ನನ್ನ ಸುಳ್ಳಿಗೆ ತಲೆ ಆಡಿಸಿದವನನ್ನು ನಂಬಬೇಡಿ. ಜಗಳಕ್ಕೆ ಬಂದವರನ್ನು ನಂಬಿ" ಎಂದು ಆಮೇಲೆ ನನಗೆ ಹೇಳಿದರು.

ಧಣಿಗಳು ಹೋಟೆಲಿನ ಮಾಳಿಗೆಯಲ್ಲಿ ಮೆಕ್ಸಿಕನ್ ಊಟದ ರೆಸ್ಟೋರೆಂಟು ತೆರೆಯುವುದೆಂದು ನಿಶ್ಚಯಿಸಿದ ವರ್ಷ ಈ ಬೋಗುಣಿ ನಮ್ಮಲ್ಲಿಗೆ ಬಂತು. ರೆಸ್ಟೋರೆಂಟಿನ ಬಾಗಿಲಲ್ಲಿ ಆ ಕಡೆಯ ಕಲಾವಸ್ತುಗಳ ಗಾಜಿನ ಕಪಾಟು ಇರಬೇಕು, ಅದು ನಮ್ಮ ಮ್ಯೂಸಿಯಮ್ಮಿನದೇ ಒಂದು ಭಾಗ ಎಂದು ಬೋರ್ಡು ಹಾಕಬೇಕು ಎಂಬುದು ಅವರ ಆಸೆ. ಅಮೆರಿಕದ ಒಂದು ಖಾಸಗಿ ಮ್ಯೂಸಿಯಂ ಮುಚ್ಚಿಹೋಗಿ, ಅದರ ವಸ್ತುಗಳು ಹರಾಜಾಗಿ, ಕೈಯಿಂದ ಕೈಗೆ ದಾಟಿ ಮುಂಬೈಯ ಒಬ್ಬ ವ್ಯಾಪಾರಿಯ ಬಳಿ ಇದ್ದವು. ಆತ ಬಹಳ ವಿನಯದ ಮನುಷ್ಯ. ವಿನಯ ಕಂಡರೆ ಮೇಡಂಗೆ ಮೊದಲೇ ಆಗುವುದಿಲ್ಲ.

ಪೆಟ್ಟಿಗೆಯಿಂದ ಮೊದಲು ಹೊರಬಂದದ್ದು ಒಂದು ಕರಿಯ ಮಡಕೆ. ಕನ್ನಡಿಯ ಹಾಗೆ ಹೊಳೆಯುವ ಕಪ್ಪು, ಅದರ ಮೇಲೆ ಹೊಳಪಿಲ್ಲದ ಕಪ್ಪಿನಲ್ಲೇ ಚಿತ್ತಾರ. ಮಾಡಿದವಳ ಹೆಸರನ್ನು ಅಡಿಯಲ್ಲಿ ಗೀರಿದ್ದರು. ಅಮೆರಿಕದ ಒಣನಾಡಿನಲ್ಲಿ, ನ್ಯೂ ಮೆಕ್ಸಿಕೋ ಎಂಬ ಕಡೆ, ಬಿಳಿಯರು ಕಾಲಿಡುವುದಕ್ಕೆ ಎಷ್ಟೋ ಮೊದಲಿನಿಂದ ಮಣ್ಣಿನ ಮನೆ ಕಟ್ಟಿ ಜೋಳ ಬೆಳೆದುಕೊಂಡಿರುವ ಮೂಲನಿವಾಸಿಗಳನ್ನು ಪ್ಯೂಬ್ಲೋ ಜನ ಎನ್ನುತ್ತಾರೆ. ಇದು ಅವರ ಮಡಕೆ. ಎರಡನೆಯದು ಮರದ ಸಂತ. ಅದೇ ನಾಡಿನ ಸ್ಪಾನಿಷ್ ಮಾತಾಡುವ ಕ್ರೈಸ್ತರು ಕೆತ್ತುವಂಥದ್ದು. ನಮ್ಮ ಇಗರ್ಜಿಗಳ ಸಂತರಿಗಿಂತ ಬಡಕಲು, ಕಣ್ಣು ಮಾತ್ರ ದೊಡ್ಡದು. ಎರಡನ್ನೂ ಮೇಡಂ ಮೂಸಿದರು.

"ಇವು ಮಾರ್ಲಿಕ್ಕೇ ಮಾಡಿದ್ದು. ಮಾಡಿದವರ ಹೆಸರೂ ಉಂಟು. ಇದರಲ್ಲಿ ಕಳ್ಳತನ ಕಾಣುದಿಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಪ್ರಶಸ್ತಿ.

ಮೂರನೆಯದು ಬೋಗುಣಿ. ಒಳಗೆಲ್ಲ ಬಿಳಿ, ಅಂಚಿನ ಸುತ್ತ ಕೂದಲೆಳೆಯಂಥ ಕಪ್ಪು ಗೆರೆಗಳು, ನಡುವೆ ಉದ್ದ ಕಿವಿಯ ಒಂದು ಮೊಲ. ಮೊಲದ ಹೊಟ್ಟೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಹೊರಗಿನ ತಳದಲ್ಲಿ ಆ ಮುಚ್ಚಿದ ಮ್ಯೂಸಿಯಂ ಕೆಂಪು ಬಣ್ಣದಲ್ಲಿ ಬರೆದ ಸಂಖ್ಯೆ. ವ್ಯಾಪಾರಿಯ ಚೀಟಿಯಲ್ಲಿ, 'ಹಣ್ಣಿನ ಬಟ್ಟಲು, ಬಹಳ ಪುರಾತನ, ಸಾಗಾಟದಲ್ಲಿ ತುಸು ಹಾನಿ' ಎಂದಿತ್ತು.

ಮೇಡಂ ಬೆರಳು ಅದ್ದಿ ಮೂಸಿದರು. ಬಹಳ ಹೊತ್ತು ಆ ತೂತನ್ನೇ ನೋಡುತ್ತ ಕೂತು, ಕೊನೆಗೆ ನನ್ನನ್ನು ಕರೆದರು.

"ಇದು ಒಡೆದದ್ದಾ?"

"ಚೀಟಿಯಲ್ಲಿ ಹಾಗೆ ಉಂಟು ಮೇಡಂ."

"ಚೀಟಿ ಬಿಡಿ. ಒಡೆದರೆ ಬಿರುಕು ಓಡ್ತದೆ. ಇದು ಒಡೆದದ್ದಲ್ಲ, ತೂತು ಮಾಡಿದ್ದು. ಬೇಕಂತಲೇ. ಒಳ್ಳೆ ಪಾತ್ರೆಗೆ ಬೇಕಂತಲೇ ತೂತು ಮಾಡುದನ್ನು ನೀವು ಎಲ್ಲಿ ನೋಡಿದ್ದೀರಿ, ಹೇಳಿ."

ನಾನು ನೋಡಿದ್ದೆ. ಅಪ್ಪ ತೀರಿಕೊಂಡಾಗ ದುಬೈಯಿಂದ ಓಡಿಬಂದ ಅಣ್ಣ ನೀರು ತುಂಬಿದ ಮಡಕೆಯನ್ನು ಹೆಗಲಿಗಿಟ್ಟು, ವಾಮಂಜೂರಿನ ನಮ್ಮ ಗದ್ದೆಯ ಬದಿಯಲ್ಲಿ ಚಿತೆಯ ಸುತ್ತ ನಡೆದಿದ್ದ. ಹಿಂದಿನಿಂದ ಮಾವ ಕತ್ತಿಯ ತುದಿಯಿಂದ ಆ ಮಡಕೆಗೆ ತೂತು ಮಾಡುತ್ತಿದ್ದರು. ನೀರು ಚಿಮ್ಮಿ ಅಣ್ಣನ ಬೆನ್ನೆಲ್ಲ ಒದ್ದೆಯಾಗಿತ್ತು. ಜಗಲಿಯಲ್ಲಿ ನಿಂತು ನೋಡಿದ್ದ ನಾನು ಅದನ್ನು ಮೇಡಂಗೆ ಹೇಳಲು ಹೋದೆ, ಹೇಳಲಾಗಲಿಲ್ಲ. ಅವರು ನನ್ನ ಮುಖ ನೋಡಿ, "ಸಾಕು" ಎಂದರು. ಅವತ್ತು ಮಧ್ಯಾಹ್ನ ಅವರು ಬುತ್ತಿ ಬಿಚ್ಚಲಿಲ್ಲ.

ಓದಿ ನೋಡಿದಾಗ ಅವರ ಊಹೆ ನಿಜವಾಯಿತು. ಆ ಪ್ಯೂಬ್ಲೋ ಜನರ ಹಿಂದಿನವರು ಸತ್ತವರನ್ನು ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ಇಂಥ ಬೋಗುಣಿಗೆ ತೂತು ಮಾಡಿ, ಸತ್ತವರ ಮುಖದ ಮೇಲೆ ಕವುಚಿ ಇಡುತ್ತಿದ್ದರು. ಆಮೇಲೆ ಬಂದವರು ಅಗೆದರು, ತೆಗೆದರು, ಮಾರಿದರು. ಕೊಂಡ ಮ್ಯೂಸಿಯಮ್ಮುಗಳು ಸಂಖ್ಯೆ ಬರೆದುಕೊಂಡವು. ಯಾರದೋ ಮುಖ ಮುಚ್ಚಿದ್ದ ಬೋಗುಣಿ ಈಗ ಊಟಕ್ಕೆ ಬರುವವರ ಕಣ್ಣಿಗೆ ಹಬ್ಬವಾಗಲು ಮಂಗಳೂರಿಗೆ ಬಂದಿತ್ತು. ಸಾಲದ್ದಕ್ಕೆ, ಅದರ ತೂತನ್ನು ಪ್ಲಾಸ್ಟರಿನಿಂದ ಮುಚ್ಚಿ, ಮೊಲದ ಹೊಟ್ಟೆಗೆ ಬಣ್ಣ ಹಚ್ಚಲು ಧಣಿಗಳು ಒಬ್ಬ ಕುಶಲಕರ್ಮಿಗೆ ಮುಂದಿನ ವಾರವೇ ಬರಹೇಳಿದ್ದರು.

ಮೇಡಂ ನೇರವಾಗಿ ಧಣಿಗಳ ಕೋಣೆಗೆ ಹೋದರು. ನಾನೂ ಜೊತೆಗಿದ್ದೆ.

"ನಿಮ್ಮ ಅನುಮಾನದಿಂದ ನನಗೆ ಉಪಕಾರ ಆದದ್ದೂ ಉಂಟು, ಇಲ್ಲಾಂತ ಹೇಳುದಿಲ್ಲ" ಎಂದರು ಧಣಿಗಳು. "ಆದ್ರೆ ಇದೊಂದು ಬೋಗುಣಿ ಮಾರಾಯ್ರೆ! ಎಲ್ಲಿಯ ಅಮೆರಿಕ, ಎಲ್ಲಿಯ ಸತ್ತವರು!"

"ನಿಮ್ಮ ಮನೆಯ ದೈವದ ಮೊಗವಾಡ ಅಲ್ಲಿಯ ಒಂದು ಹೋಟೆಲಿನಲ್ಲಿ ನೇತಾಡಿದ್ರೆ ಅವರೂ ಹಾಗೇ ಹೇಳ್ಬಹುದು, ಎಲ್ಲಿಯ ಮಂಗ್ಳೂರು ಅಂತ."

ಧಣಿಗಳ ಮುಖ ಕೆಂಪಾಯಿತು. "ದೈವದ ಸುದ್ದಿ ನಡುವಿಗೆ ತರ್ಬೇಡಿ ಮೇಡಂ. ಉದ್ಘಾಟನೆಗೆ ಎಲ್ಲರನ್ನೂ ಕರೆದಾಗಿದೆ. ಬೋಗುಣಿ ಕಪಾಟಿನಲ್ಲಿ ಇರ್ತದೆ. ನಿಮಗೆ ಆಗದಿದ್ರೆ ನೀವು ಇರುದು ಬೇಡ."

ಮೇಡಂ ಹೇಳಿದಂತೆ ನಾನು ಆ ಪ್ಯೂಬ್ಲೋ ಜನರ ಕಚೇರಿಯೊಂದಕ್ಕೆ ಫೋಟೋ ಇಲ್ಲದೆ, ಬರೀ ವಿವರ ಬರೆದು ಮೇಲ್ ಕಳಿಸಿದೆ. ಬೇಗನೆ ಉತ್ತರ ಬಂತು. ದಯವಿಟ್ಟು ಅದನ್ನು ಯಾರಿಗೂ ತೋರಿಸಬೇಡಿ, ಫೋಟೋ ತೆಗೆಯಬೇಡಿ, ಹಿಂದಿರುಗಿಸುವುದಾದರೆ ನಾವು ಕೃತಜ್ಞರು ಎಂದಿತ್ತು. ನನಗೆ ಸಮಾಧಾನವಾಯಿತು. ಮೇಡಂಗೆ ಹೊಸ ಅನುಮಾನ ಹುಟ್ಟಿತು.

"ಕೊಡಿ ಅಂತ ಯಾರು ಬೇಕಾದ್ರೂ ಬರೀತಾರೆ. ಇವರು ಯಾರು? ತೆಗೊಂಡು ಹೋಗಿ ಇನ್ನೊಬ್ಬನಿಗೆ ಮಾರಿದ್ರೆ? ಇಲ್ಲಿ ಇಟ್ರೆ ತೂತು ಮುಚ್ತಾರೆ. ಅಲ್ಲಿಗೆ ಕಳಿಸಿದ್ರೆ ಎಂತ ಮಾಡ್ತಾರೋ ದೇವರಿಗೇ ಗೊತ್ತು."

ಆ ದಿನಗಳಲ್ಲಿ ಅವರು ಸೊರಗಿದರು. ಜೀವಮಾನವಿಡೀ ಯಾರನ್ನೂ ನಂಬದೆ ಚೆನ್ನಾಗಿಯೇ ಬದುಕಿದವರಿಗೆ ಈಗ ಯಾರನ್ನಾದರೂ ನಂಬದೆ ದಾರಿಯೇ ಇರಲಿಲ್ಲ.

ಕುಶಲಕರ್ಮಿ ಬಂದ ದಿನ ಪೆಟ್ಟಿಗೆ ತೆರೆದರೆ ಬೋಗುಣಿ ಇಲ್ಲ. ಬರೀ ಹುಲ್ಲು. ಮ್ಯಾನೇಜರು ಹೌಹಾರಿ ಧಣಿಗಳಿಗೆ ಫೋನು ಮಾಡಿದರು. ಮೇಡಂ ಮೇಜಿನಿಂದ ತಲೆಯೆತ್ತದೆ, "ಉಂಟು. ಎಲ್ಲಿ ಉಂಟು ಅಂತ ಹೇಳುದಿಲ್ಲ" ಎಂದರು. ಹೋಟೆಲಿನಲ್ಲೆಲ್ಲ ಗುಸುಗುಸು ಸುರುವಾಯಿತು. ಇಷ್ಟು ವರ್ಷ ಎಲ್ಲರನ್ನೂ ಕಳ್ಳರ ಹಾಗೆ ನೋಡಿದವರು ಕೊನೆಗೆ ತಾವೇ ಕೈಚಳಕ ತೋರಿಸಿದರಲ್ಲ ಎಂದು ಅಡುಗೆಯವರವರೆಗೂ ಮಾತು. ನಾನು ಅದನ್ನೆಲ್ಲ ಕೇಳಿ ಸಿಟ್ಟಾಗಿದ್ದೆ. ಆದರೆ ಹಿಂದಿನ ಸಂಜೆ ಮೇಡಂ ಕಾವೂರಿನ ಬಸ್ಸು ಹತ್ತುವಾಗ ಅವರ ಬಟ್ಟೆಯ ಚೀಲ ಉಬ್ಬಿಕೊಂಡಿದ್ದನ್ನು ನಾನೇ ಕಂಡಿದ್ದೆ. ಮುಂಬೈಯವನ ವಿನಯ, ಅಮೆರಿಕದವರ ಮೇಲ್, ಮೇಡಂ ಅವರ ಚೀಲ, ಎಲ್ಲವೂ ತಲೆಯಲ್ಲಿ ಸುತ್ತತೊಡಗಿದವು. ಅವರು ನೀರು ಕುಡಿಯಲು ಎದ್ದುಹೋದಾಗ ನನ್ನ ಕಣ್ಣು ತಾನಾಗಿ ಆ ಚೀಲದ ಕಡೆಗೆ ಹೋಯಿತು.

ಬಾಗಿಲಲ್ಲಿ ಮೇಡಂ ನಿಂತಿದ್ದರು. "ಬಿಚ್ಚಿ ನೋಡಿ" ಎಂದರು. ಒಳಗೆ ಒಂದು ಬೆಡ್‌ಶೀಟು, ಹಿಂದಿನ ದಿನ ಒಗೆಯಲು ಕೊಡಲು ಮರೆತು ಚೀಲದಲ್ಲೇ ಉಳಿದದ್ದು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಅವರಿಗೆ ಮಾತ್ರ ಖುಷಿಯೇ ಆದಂತಿತ್ತು.

"ಅನುಮಾನ ಬಂತಲ್ಲ? ಒಳ್ಳೇದು ಮಾರಾಯ್ತಿ. ಈಗ ನೀವು ಕೆಲಸ ಕಲಿತ್ರಿ."

ಧಣಿಗಳು ಕೊನೆಯ ಮಾತು ಹೇಳಿ ಕಳಿಸಿದರು. ಸಂಜೆಯೊಳಗೆ ಬೋಗುಣಿ ತಮ್ಮ ಎದುರಿಗೆ ಬರಬೇಕು, ಇಲ್ಲದಿದ್ದರೆ ಪೊಲೀಸರು. ಮೇಡಂ ತಿರುಗಿ ಹೇಳಿಕಳಿಸಿದರು: "ಸಂಜೆ ಇಲ್ಲಿಗೇ ಬನ್ನಿ. ಆ ಅಮೆರಿಕದವರ ಹತ್ತಿರ ನಾನು ಮಾತಾಡ್ಲಿಕ್ಕುಂಟು. ನೀವೂ ಕೇಳಿ." ನಮಗೆ ದೀಪ ಹಚ್ಚುವ ಹೊತ್ತು, ಅಲ್ಲಿ ಬೆಳಗಾಗುವ ಹೊತ್ತು. ಧಣಿಗಳು ಬಂದು ಮೂಲೆಯ ಕುರ್ಚಿಯಲ್ಲಿ ಬಿಗಿದುಕೊಂಡು ಕೂತರು. ನಾನು ಕಂಪ್ಯೂಟರಿನಲ್ಲಿ ವೀಡಿಯೊ ಕಾಲ್ ಹಚ್ಚಿದೆ.

ತೆರೆಯ ಮೇಲೆ ಒಬ್ಬ ಮುದುಕರು ಕಾಣಿಸಿದರು, ಪಕ್ಕದಲ್ಲಿ ಅವರ ತಮ್ಮನ ಮಗಳು. ಮುದುಕರದು ಸುಕ್ಕುಗಟ್ಟಿದ ಅಗಲ ಮುಖ. ಮೇಡಂ ನಮಸ್ಕಾರ ಹೇಳಿ, ಇಂಗ್ಲಿಷಿನಲ್ಲಿ ಸಲೀಸಾಗಿ ಸುಳ್ಳು ಸುರುಮಾಡಿದರು. ಬೋಗುಣಿ ಸ್ವಲ್ಪ ಹಾಳಾಗಿದೆ, ನಡುವೆ ತೂತಾಗಿದೆ, ನಮ್ಮಲ್ಲಿ ಒಳ್ಳೆಯ ಕೆಲಸಗಾರರಿದ್ದಾರೆ, ತೂತು ಮುಚ್ಚಿ ಚಂದ ಮಾಡಿ ಕಳಿಸುತ್ತೇವೆ ಎಂದರು. ಮಾರುವ ಆಸೆಯಿದ್ದವನಾದರೆ, ಬೆಲೆ ಏರಿತೆಂದು, ಉಪಕಾರವಾಯಿತು ಎನ್ನಬೇಕು.

ಮುದುಕರು ಸುಮ್ಮನಾದರು. ಎಷ್ಟು ಹೊತ್ತೆಂದರೆ, ಇಂಟರ್‌ನೆಟ್ ಹೋಯಿತೇನೋ ಎಂದು ನಾನು ತಂತಿ ಅಲುಗಾಡಿಸಿದೆ. ಆಮೇಲೆ ಅವರು ಮೆಲ್ಲಗೆ, ಒಂದೊಂದೇ ಮಾತು ಆಯ್ದು ಹೇಳಿದರು. "ಕಳಿಸಲು ನಿಮಗೆ ಕಷ್ಟವಾದರೆ ಕಳಿಸಬೇಡಿ. ನಿಮ್ಮ ಊರಿನ ಮಣ್ಣಿನಲ್ಲೇ ಹೂಳಿ. ನಮ್ಮ ಕೈಗೆ ಬರದಿದ್ದರೂ ಸರಿ. ಆ ತೂತನ್ನು ಮಾತ್ರ ಮುಚ್ಚಬೇಡಿ."

ಮುದುಕರೇ ಮತ್ತೆ ಕೇಳಿದರು: "ಈಗ ಅದು ಯಾವ ಕಡೆಗೆ ಮುಖ ಮಾಡಿದೆ?"

"ಕೆಳಗೆ" ಎಂದರು ಮೇಡಂ. "ಬಂದ ದಿನವೇ ಕವುಚಿ ಇಟ್ಟಿದ್ದೇನೆ."

ಮುದುಕರು ಕಣ್ಣು ಮುಚ್ಚಿ ತಲೆಯಾಡಿಸಿದರು. ಪಕ್ಕದ ಹುಡುಗಿ ಅವರ ಹೆಗಲ ಮೇಲೆ ಕೈಯಿಟ್ಟಳು. ಮೇಡಂ ಸೆರಗಿನಿಂದ ಕನ್ನಡಕ ಒರೆಸಿಕೊಂಡರು, ಆಮೇಲೆ ಕಣ್ಣನ್ನೂ ಒರೆಸಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಈ ಜನ ನಿಜ" ಎಂದರು.

ಕಾಲ್ ಮುಗಿದ ಮೇಲೆ ಅವರು ಎದ್ದು ಮ್ಯೂಸಿಯಮ್ಮಿನ ನಡುವೆ ಇದ್ದ ಅಕ್ಕಿಮುಡಿಯ ಹತ್ತಿರ ಹೋದರು. ಬೈಹುಲ್ಲಿನ ಹಗ್ಗ ಸುತ್ತಿ ಅಕ್ಕಿ ಕಟ್ಟಿಡುತ್ತಿದ್ದ ಗುಂಡನೆಯ ಮುಡಿ, ಧಣಿಗಳ ಹಿರಿಯರ ಮನೆಯದು. ಒಳಗೆ ಈಗ ಅಕ್ಕಿ ಇಲ್ಲ, ಬರೀ ಹುಲ್ಲು. ಮೇಡಂ ನೆಲದಲ್ಲಿ ಕೂತು ಹಗ್ಗ ಸಡಿಲಿಸಿ, ಹುಲ್ಲು ಸರಿಸಿ, ಕವುಚಿಟ್ಟಿದ್ದ ಬೋಗುಣಿಯನ್ನು ತೋರಿಸಿದರು. ಆ ಮುಡಿಯ ಪಕ್ಕದಲ್ಲೇ ಮ್ಯಾನೇಜರು ನಿಂತು ಧಣಿಗಳಿಗೆ ಕಳವಿನ ಸುದ್ದಿ ಮುಟ್ಟಿಸಿದ್ದರು.

ಧಣಿಗಳು ಹತ್ತಿರ ಬಂದರು. ಬಹಳ ಹೊತ್ತು ನೋಡಿದರೂ ಮುಟ್ಟಲಿಲ್ಲ. "ಕಳಿಸಿಬಿಡಿ. ಆ ವ್ಯಾಪಾರಿಯನ್ನು ನಾನು ನೋಡಿಕೊಳ್ತೇನೆ" ಎಂದರು. ಬಾಗಿಲವರೆಗೆ ಹೋದವರು ಅಲ್ಲೇ ನಿಂತರು. "ಆದ್ರೆ ಮೇಡಂ, ಎಲ್ಲಿಯದೋ ಮುದುಕರನ್ನು ನೀವು ನಂಬಿದ್ರಿ. ಇಷ್ಟು ವರ್ಷ ಅನ್ನ ಹಾಕಿದ ನನ್ನನ್ನು ನಂಬ್ಲಿಲ್ಲ. ನನ್ನ ಮನೆಯಲ್ಲೇ ನನ್ನಿಂದ ಬಚ್ಚಿಟ್ರಿ. ಇನ್ನು ಬೀಗದಕೈ ನಿಮ್ಮ ಹತ್ತಿರ ಹೇಗೆ ಬಿಡುದು, ನೀವೇ ಹೇಳಿ."

ಮೇಡಂ ಸೊಂಟದಿಂದ ಬೀಗದಕೈ ಗೊಂಚಲು ತೆಗೆದು ಮೇಜಿನ ಮೇಲಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ. "ಎಂತಕ್ಕೆ ಅಳುದು?" ಎಂದು ಅವರೇ ನನ್ನನ್ನು ಗದರಿಸಿದರು. "ಧಣಿಗಳು ಹೇಳಿದ್ರಲ್ಲಿ ಸುಳ್ಳಿಲ್ಲ. ನನಗೆ ಯಾರಾದ್ರೂ ಹೀಗೆ ಮಾಡಿದ್ರೆ ನಾನೂ ಹೊರಗೆ ಹಾಕ್ತಿದ್ದೆ."

ಬೋಗುಣಿಯನ್ನು ಒಯ್ಯಲು ಆ ಹುಡುಗಿಯೇ ಬಂದಳು. ಕಾಗದಪತ್ರ ಮುಗಿಸಿ ವಿಮಾನ ನಿಲ್ದಾಣಕ್ಕೆ ಹೊರಟ ಕಾರು ಕಾವೂರಿನ ಮೇಲೆಯೇ ಹೋಗಬೇಕು. ಮೇಡಂ ಬಿಸಿಲಿನಲ್ಲಿ ಕೊಡೆ ಹಿಡಿದು ರಸ್ತೆಬದಿಯಲ್ಲಿ ಕಾದಿದ್ದರು. ಕಾರು ನಿಂತ ಕೂಡಲೇ ಕೇಳಿದ ಮೊದಲ ಮಾತು, "ಪಾಸ್‌ಪೋರ್ಟ್ ತೋರಿಸಿ." ಫೋಟೋವನ್ನೂ ಅವಳ ಮುಖವನ್ನೂ ಹೊಂದಿಸಿ ನೋಡಿ, ಆಮೇಲೆ ಅವಳ ಮಡಿಲಲ್ಲಿದ್ದ ಪೆಟ್ಟಿಗೆಯ ಮೇಲೆ ಅಂಗೈ ಊರಿ ನಿಂತರು. ಹಿಂದಿನಿಂದ ಬಸ್ಸಿನವ ಹಾರ್ನು ಹೊಡೆದೇ ಹೊಡೆದ. ಅವರು ಕೈ ತೆಗೆದದ್ದು ತಮಗೆ ಸಾಕೆನಿಸಿದ ಮೇಲೆಯೇ.

ಅದಾದ ಮೇಲೆ ಅವರು ಹೆಚ್ಚು ಕಾಲ ಇರಲಿಲ್ಲ. ಮಳೆ ಜಡಿಯುವ ಆಟಿ ತಿಂಗಳಲ್ಲಿ ಜ್ವರ ಎಂದು ಮಲಗಿದವರು ಏಳಲಿಲ್ಲ. ಧಣಿಗಳು ಕಾವೂರಿಗೆ ಬಂದು, ಮಳೆಯಲ್ಲಿ ಚಪ್ಪಲಿ ಕಳಚಿ, ಅಂಗಳದಲ್ಲಿ ಕೊನೆಯವರೆಗೂ ನಿಂತಿದ್ದರು. ಆ ಬೀಗದಕೈ ಈಗ ನನ್ನ ಹತ್ತಿರ ಉಂಟು. ವಸ್ತು ಹಿಡಿದು ಬಂದವರಿಗೆ ನಾನೂ ಒಂದು ಸುಳ್ಳು ಹೇಳಿ ನೋಡುತ್ತೇನೆ. ಅನುಮಾನಪಡುವುದನ್ನು ಬೇರೆ ಯಾರಿಂದಲಾದರೂ ಕಲಿಯುತ್ತಿದ್ದೆನೋ ಏನೋ. ಅದನ್ನು ಎಲ್ಲಿ ಬಿಡಬೇಕೆಂದು ತೋರಿಸಿಕೊಟ್ಟವರು ಅವರೊಬ್ಬರೇ. ಅವರನ್ನು ನೆನೆಯದೆ ನಾನು ಮ್ಯೂಸಿಯಮ್ಮಿನ ಬಾಗಿಲು ತೆಗೆದ ದಿನವಿಲ್ಲ.

ಕೊನೆಯ ಸಲ ಅವರನ್ನು ನೋಡಲು ಹೋದಾಗ ಅಮೆರಿಕದಿಂದ ಬಂದ ಸುದ್ದಿಯನ್ನು ಓದಿ ಹೇಳಿದೆ. ಬೋಗುಣಿ ಮಣ್ಣು ಸೇರಿತು, ಮುದುಕರೇ ಮುಂದೆ ನಿಂತು ಮಾಡಿಸಿದರು ಎಂದಷ್ಟೇ ಬರೆದಿದ್ದರು. ಮೇಡಂ ದಿಂಬಿನಿಂದ ತುಸು ಎದ್ದು, "ಎಲ್ಲಿ ಅಂತ ಬರ್ದಿದ್ದಾರಾ?" ಎಂದರು. ಇಲ್ಲ ಎಂದೆ. "ಫೋಟೋ ಉಂಟಾ?" ಅದೂ ಇಲ್ಲ ಎಂದೆ. ಇನ್ನು ಹೂತರೋ ಮಾರಿದರೋ ಎಂದು ಸುರುವಾಗುತ್ತದೆಂದು ನಾನು ಕಾದು ಕೂತೆ. ಅವರು ಮತ್ತೆ ದಿಂಬಿಗೆ ಒರಗಿ, ಸಮಾಧಾನದಿಂದ ಕಣ್ಣು ಮುಚ್ಚಿಕೊಂಡರು.

"ಫೋಟೋ ಕಳಿಸಿದ್ರೆ ನಾನು ನಂಬ್ತಿರ್ಲಿಲ್ಲ" ಎಂದರು.